ಮದ್ಯ ಮತ್ತು ಮೆದುಳು: ಸಮ್ಮೇಳನಕ್ಕೆ ಹೋಗಿಬಂದು ಸಂಘದಲ್ಲಿ ಮಾತನಾಡಬೇಕಾದವರಿಗೆ

ಮದ್ಯವು ಮೆದುಳು ಮತ್ತು ನರಮಂಡಲದ ಮೇಲೆ ಉಂಟುಮಾಡುವ ಪರಿಣಾಮಗಳನ್ನು ಚರ್ಚಿಸುವ ವೈಜ್ಞಾನಿಕ ಸಮ್ಮೇಳನಗಳಿಗೆ ಹೋಗುವವರೆಲ್ಲ ವಿಜ್ಞಾನಿಗಳಾಗಿರುವುದಿಲ್ಲ. ಮುಂಬಯಿ, ಪುಣೆ, ಗೋವಾಗಳ ಆಸ್ಪತ್ರೆಗಳಲ್ಲಿ ದುಡಿಯುವ ಕನ್ನಡದ ನರ್ಸುಗಳು, ವ್ಯಸನಮುಕ್ತಿ ಕೇಂದ್ರಗಳ ಆಪ್ತಸಮಾಲೋಚಕರು, ಸಮಾಜಕಾರ್ಯದ ವಿದ್ಯಾರ್ಥಿಗಳು, ಕನ್ನಡ ಸಂಘಗಳ ಆರೋಗ್ಯ ಸಮಿತಿಯವರು ಸಹ ಪ್ರತಿನಿಧಿಗಳಾಗಿ ಹೆಸರು ನೋಂದಾಯಿಸುತ್ತಾರೆ. ಹಿಂತಿರುಗಿದ ಮೇಲೆ ಮಾಟುಂಗಾದ ಸಭಾಂಗಣದಲ್ಲೋ ವಾಸ್ಕೋದ ಬಡಾವಣೆಯ ಗುಡಿಯ ಮುಂದೋ ನಾಲ್ಕು ಜನರನ್ನು ಕೂರಿಸಿಕೊಂಡು ಕೇಳಿದ್ದನ್ನು ಹೇಳುವ ಹೊಣೆ ಅವರ ಮೇಲೆ ಬೀಳುತ್ತದೆ. ಹಾಗೆ ಹೇಳುವಾಗ ಮೂರು ದಿನಗಳ ಚರ್ಚೆಯೆಲ್ಲ ‘ಕುಡಿದರೆ ಮೆದುಳು ಕುಗ್ಗುತ್ತದಂತೆ’ ಎಂಬ ಒಂದೇ ವಾಕ್ಯಕ್ಕೆ ಇಳಿದುಬಿಡುವುದು ಸಾಮಾನ್ಯ. ಆ ವಾಕ್ಯ ಸುಳ್ಳಲ್ಲ, ಆದರೆ ಕೇಳಿದವರಿಗೆ ಅದರಿಂದ ಮಾಡಬೇಕಾದದ್ದೇನೂ ತಿಳಿಯುವುದಿಲ್ಲ.

ಆದ್ದರಿಂದ ಸಮ್ಮೇಳನದಲ್ಲಿ ಕೇಳಿದ ಯಾವ ಸಂಗತಿಯನ್ನೇ ಆಗಲಿ, ಅದು ಯಾರಲ್ಲಿ ಕಂಡದ್ದು, ಎಷ್ಟು ಮದ್ಯಕ್ಕೆ ಕಂಡದ್ದು, ಎಷ್ಟು ಕಾಲದ ಮೇಲೆ ಕಂಡದ್ದು ಎಂಬ ಮೂರು ವಿವರಗಳಿಂದ ಬೇರ್ಪಡಿಸದೆ ಟಿಪ್ಪಣಿ ಪುಸ್ತಕಕ್ಕೆ ಇಳಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಳಗೆ ಹೇಳುವ ಹೆಜ್ಜೆಗಳೆಲ್ಲ ಈ ಒಂದು ಅಭ್ಯಾಸವನ್ನು ರೂಢಿಸಿಕೊಳ್ಳುವುದಕ್ಕಾಗಿಯೇ ಇವೆ.

ಮೊದಲ ಹೆಜ್ಜೆ: ಸಭೆಯ ಸ್ವಭಾವವನ್ನು ತಿಳಿದುಕೊಳ್ಳುವುದು

ಎಲ್ಲ ಸಮ್ಮೇಳನಗಳೂ ಒಂದೇ ಬಗೆಯವಲ್ಲ. ಅಮೆರಿಕದ ರಿಸರ್ಚ್ ಸೊಸೈಟಿ ಆನ್ ಆಲ್ಕೋಹಾಲ್ ಪ್ರತಿವರ್ಷ ನಡೆಸುವ ಸಭೆಯಲ್ಲಿ ಇಲಿಯ ಮೆದುಳಿನ ಗ್ರಾಹಕಗಳಿಂದ (ನರಕೋಶಗಳ ಮೇಲೆ ರಾಸಾಯನಿಕಗಳನ್ನು ಹಿಡಿದುಕೊಳ್ಳುವ ಭಾಗಗಳಿಂದ) ಹಿಡಿದು ಕಾಲೇಜು ಹುಡುಗರ ಕುಡಿತದವರೆಗೆ ಎಲ್ಲವೂ ಇರುತ್ತದೆ. ಗಾರ್ಡನ್ ರಿಸರ್ಚ್ ಕಾನ್ಫರೆನ್ಸ್‌ಗಳ ಸಾಲಿನಲ್ಲಿ ‘ಆಲ್ಕೋಹಾಲ್ ಅಂಡ್ ದ ನರ್ವಸ್ ಸಿಸ್ಟಮ್’ ಎಂಬ ಹೆಸರಿನ ಸಭೆಯೇ ಇದೆ; ಅಲ್ಲಿ ಇನ್ನೂ ಪ್ರಕಟವಾಗದ ಫಲಿತಾಂಶಗಳನ್ನು ಬಿಚ್ಚುಮನಸ್ಸಿನಿಂದ ಚರ್ಚಿಸುವುದಕ್ಕಾಗಿ ಛಾಯಾಚಿತ್ರ, ಧ್ವನಿಮುದ್ರಣಗಳನ್ನು ನಿಷೇಧಿಸಿರುತ್ತಾರೆ, ಕೇಳಿದ್ದನ್ನು ಮಂಡಿಸಿದವರ ಒಪ್ಪಿಗೆಯಿಲ್ಲದೆ ಹೊರಗೆ ಉಲ್ಲೇಖಿಸುವಂತಿಲ್ಲ. ನಮ್ಮ ದೇಶದಲ್ಲಾದರೆ ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿ ಮತ್ತು ಇಂಡಿಯನ್ ಅಕಾಡೆಮಿ ಆಫ್ ನ್ಯೂರಾಲಜಿಗಳ ವಾರ್ಷಿಕ ಸಮ್ಮೇಳನಗಳಲ್ಲಿ ಮದ್ಯದ ಗೋಷ್ಠಿಗಳು ಒಂದು ಭಾಗವಾಗಿ ಬರುತ್ತವೆ. ಇವುಗಳ ಜೊತೆಗೆ ನಗರದ ವೈದ್ಯಕೀಯ ಕಾಲೇಜುಗಳು ಭಾನುವಾರ ನಡೆಸುವ ಒಂದು ದಿನದ ಸಿಎಂಇಗಳಿವೆ, ಅಂದರೆ ವೈದ್ಯರು ತಮ್ಮ ತಿಳಿವನ್ನು ಹೊಸದಾಗಿಸಿಕೊಳ್ಳುವ ಮುಂದುವರಿಕೆ ಶಿಕ್ಷಣದ ಸಭೆಗಳು.

ಮೊದಲ ಬಾರಿಗೆ ಹೋಗುವವರು ಈ ಕೊನೆಯ ಬಗೆಯದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಪರೇಲಿನಲ್ಲೋ ಸಾಯನಿನಲ್ಲೋ ಬಾಂಬೋಲಿಮ್ಮಿನಲ್ಲೋ ನಡೆಯುವ ಇಂಥ ಸಭೆಯಲ್ಲಿ ಮಾತನಾಡುವವರು ನಮ್ಮ ವಾರ್ಡುಗಳ ರೋಗಿಗಳನ್ನೇ ನೋಡಿದವರು, ಶುಲ್ಕವೂ ಹಗುರ. ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲಿನ ಕ್ರೆಡಿಟ್ ಪಾಯಿಂಟುಗಳಿಗಾಗಿಯೇ ಬರುವ ವೈದ್ಯರು ಸಹಿ ಹಾಕಿ ಊಟದ ಹೊತ್ತಿಗೆ ಮಾಯವಾಗುವುದುಂಟು, ಅದರಿಂದ ನಮಗೆ ಆಗುವುದು ಲಾಭವೇ, ಏಕೆಂದರೆ ಮಧ್ಯಾಹ್ನದ ಮೇಲೆ ಪ್ರಶ್ನೆ ಕೇಳಲು ಮೈಕು ಸುಲಭವಾಗಿ ಸಿಗುತ್ತದೆ.

ನೋಂದಣಿ, ವಸತಿ, ಪ್ರಯಾಣಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆಯೇ ಎಂದು ಕೇಳಿ, ವೈದ್ಯರಲ್ಲದವರಿಗೆ ಪ್ರವೇಶವಿದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಿ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಗೋವಾದ ಹೋಟೆಲುಗಳಲ್ಲಿ ನಡೆಯುವ ಸಮ್ಮೇಳನಗಳ ರಾತ್ರಿಯೂಟದಲ್ಲಿ, ವಿಷಯ ಮದ್ಯದ ದುಷ್ಪರಿಣಾಮವೇ ಆಗಿದ್ದರೂ, ಬಾರ್ ತೆರೆದಿರಬಹುದು. ಕುಡಿತ ಬಿಟ್ಟು ಚೇತರಿಸಿಕೊಳ್ಳುತ್ತಿರುವ ಯಾರನ್ನಾದರೂ ತಮ್ಮ ಅನುಭವ ಹೇಳಲೆಂದು ಜೊತೆಗೆ ಕರೆದುಕೊಂಡು ಹೋಗುವುದಾದರೆ ಇದನ್ನು ಆಯೋಜಕರಲ್ಲಿ ವಿಚಾರಿಸಿ, ಆ ರಾತ್ರಿಯ ಊಟದ ವ್ಯವಸ್ಥೆಯನ್ನು ಬೇರೆಯಾಗಿಯೇ ಮಾಡಿಕೊಳ್ಳಬೇಕು.

ಎರಡನೆಯ ಹೆಜ್ಜೆ: ಹೊರಡುವ ಮುನ್ನ ಕಲಿಯಬೇಕಾದ ಲೆಕ್ಕ

ಸಮ್ಮೇಳನಕ್ಕೆ ಮುಂಚೆ ಬರುವ ಸಾರಾಂಶಗಳ ಪುಸ್ತಕವನ್ನು ಪೂರ್ತಿ ಓದುವ ಗೋಜಿಗೆ ಹೋಗಬೇಡಿ. ಶೀರ್ಷಿಕೆಗಳ ಮೇಲೆ ಕಣ್ಣಾಡಿಸಿ, ನಿಮ್ಮ ಜನರಿಗೆ ಸಂಬಂಧಿಸಿದ ಏಳೆಂಟನ್ನು ಗುರುತಿಸಿ, ಅವುಗಳಲ್ಲಿ ಪ್ರಯೋಗ ಮನುಷ್ಯರ ಮೇಲೋ ಪ್ರಾಣಿಗಳ ಮೇಲೋ ಎಂಬುದನ್ನು ಅಂಚಿನಲ್ಲಿ ಬರೆದುಕೊಂಡರೆ ಸಾಕು. ಉಳಿದ ಸಮಯವನ್ನು ಎರಡು ಸಿದ್ಧತೆಗಳಿಗೆ ಕೊಡಿ.

ಒಂದು, ಮದ್ಯ ಮೆದುಳಿನಲ್ಲಿ ಏನು ಮಾಡುತ್ತದೆ ಎಂಬ ಮೂಲಪಾಠ. ಮೆದುಳಿನಲ್ಲಿ ನರಕೋಶಗಳ ಚಟುವಟಿಕೆಯನ್ನು ತಗ್ಗಿಸುವ ಮುಖ್ಯ ರಾಸಾಯನಿಕ ಗಾಬಾ, ಹೆಚ್ಚಿಸುವ ಮುಖ್ಯ ರಾಸಾಯನಿಕ ಗ್ಲುಟಮೇಟ್. ಮದ್ಯವು ಗಾಬಾ ಗ್ರಾಹಕಗಳ ಕೆಲಸಕ್ಕೆ ಒತ್ತಾಸೆ ಕೊಡುತ್ತದೆ ಮತ್ತು ಗ್ಲುಟಮೇಟಿನ ಎನ್‌ಎಂಡಿಎ ಎಂಬ ಗ್ರಾಹಕಗಳನ್ನು ತಡೆಹಿಡಿಯುತ್ತದೆ. ಹೀಗಾಗಿ ಮಾತು ತೊದಲುತ್ತದೆ, ನಡಿಗೆ ತಪ್ಪುತ್ತದೆ, ಹಿಂದಿನ ರಾತ್ರಿ ನಡೆದದ್ದು ನೆನಪಿನಲ್ಲಿ ಉಳಿಯುವುದಿಲ್ಲ. ದಿನವೂ ಕುಡಿಯುವವರಲ್ಲಿ ಮೆದುಳು ಇದಕ್ಕೆ ಹೊಂದಿಕೊಳ್ಳುತ್ತ ಗಾಬಾದ ಪ್ರಭಾವವನ್ನು ಕಡಿಮೆ ಮಾಡಿಕೊಂಡು, ಗ್ಲುಟಮೇಟಿನ ಕಡೆಯ ತಕ್ಕಡಿಗೆ ತೂಕ ಹಾಕುತ್ತ ಹೋಗುತ್ತದೆ. ಆ ಸ್ಥಿತಿಯಲ್ಲಿ ಕುಡಿತ ಒಮ್ಮೆಲೇ ನಿಂತರೆ ತಕ್ಕಡಿ ಒಂದೇ ಕಡೆಗೆ ಬೀಳುತ್ತದೆ. ಕೈನಡುಕ, ಫಿಟ್ಸ್, ಸನ್ನಿ ಬರುವುದು ಇದರಿಂದಲೇ. ಇಷ್ಟನ್ನು ಅರಗಿಸಿಕೊಂಡವರಿಗೆ ಗೋಷ್ಠಿಗಳ ಅರ್ಧ ಪಾಲು ದಾರಿ ಕಾಣುತ್ತದೆ.

ಎರಡು, ಪ್ರಮಾಣದ ಲೆಕ್ಕ. ನನ್ನ ದೃಷ್ಟಿಯಲ್ಲಿ ಇಡೀ ಸಿದ್ಧತೆಯಲ್ಲಿ ಅತಿ ಮುಖ್ಯವಾದದ್ದು ಇದೇ, ಮತ್ತು ಅತಿ ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ. ಭಾಷಣಕಾರರು ‘ದಿನಕ್ಕೆ ಎರಡು ಡ್ರಿಂಕ್’ ಎನ್ನುತ್ತಾರೆ. ನಮ್ಮವರು ಕುಡಿಯುವುದು ನೈಂಟಿ, ಕ್ವಾರ್ಟರ್, ದೊಡ್ಡ ಬಾಟಲಿ ಬಿಯರಿನ ಲೆಕ್ಕದಲ್ಲಿ. ಎರಡನ್ನೂ ಗ್ರಾಮಿಗೆ ಇಳಿಸದೆ ಹೋಲಿಸುವಂತಿಲ್ಲ. 180 ಮಿ.ಲೀ. ಕ್ವಾರ್ಟರ್ ಬಾಟಲಿಯ ಚೀಟಿಯಲ್ಲಿ ಮದ್ಯಸಾರ ಶೇ. 42.8 ಎಂದಿರುತ್ತದೆ. 180ರ ಶೇ. 42.8 ಎಂದರೆ ಸುಮಾರು 77 ಮಿ.ಲೀ. ಶುದ್ಧ ಮದ್ಯಸಾರ. ಮದ್ಯಸಾರ ನೀರಿಗಿಂತ ಹಗುರವಾದ್ದರಿಂದ ಅದನ್ನು 0.789ರಿಂದ ಗುಣಿಸಬೇಕು; ಆಗ ಸುಮಾರು 61 ಗ್ರಾಂ ಬರುತ್ತದೆ. ನೈಂಟಿ ಅದರ ಅರ್ಧ, 30 ಗ್ರಾಂ. 650 ಮಿ.ಲೀ. ಸ್ಟ್ರಾಂಗ್ ಬಿಯರಿನಲ್ಲಿ ಮದ್ಯಸಾರ ಶೇ. 8 ಇದ್ದರೆ 41 ಗ್ರಾಂ. ಗೋವಾದ ಫೆನಿ, ಉರ್ರಾಕುಗಳಿಗೂ ಇದೇ ಸೂತ್ರ. ಚೀಟಿಯಿಲ್ಲದೆ ಮಾರುವ ಮಾಲಿಗೆ ಮಾತ್ರ ಯಾವ ಲೆಕ್ಕವೂ ನಡೆಯುವುದಿಲ್ಲ.

ಇಷ್ಟು ಮಾಡಿದರೂ ಒಂದು ತೊಡಕು ಉಳಿಯುತ್ತದೆ. ಬ್ರಿಟನ್ನಿನ ಒಂದು ಯೂನಿಟ್ 8 ಗ್ರಾಂ, ಅಮೆರಿಕದ ಒಂದು ಡ್ರಿಂಕ್ 14 ಗ್ರಾಂ, ಕುಡಿತದ ಅಪಾಯವನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪರೀಕ್ಷೆಯಲ್ಲಿ 10 ಗ್ರಾಂ. ಅಂದರೆ ನಮ್ಮ ಒಂದು ಕ್ವಾರ್ಟರ್ ಅಮೆರಿಕದ ಭಾಷಣದಲ್ಲಿ ನಾಲ್ಕು ಚಿಲ್ಲರೆ, ಆಡಿಟ್‌ನಲ್ಲಿ ಆರು, ಬ್ರಿಟನ್ನಿನ ಭಾಷಣದಲ್ಲಿ ಏಳೂವರೆ. ಭಾಷಣಕಾರರು ಯಾವ ದೇಶದ ಅಳತೆ ಹಿಡಿದಿದ್ದಾರೆ ಎಂಬುದನ್ನು ಪ್ರತಿ ಬಾರಿಯೂ ಬರೆದುಕೊಳ್ಳಿ; ಗೊತ್ತಾಗದಿದ್ದರೆ ಅದನ್ನೇ ಮೊದಲ ಪ್ರಶ್ನೆಯಾಗಿ ಕೇಳಿ.

ಮೂರನೆಯ ಹೆಜ್ಜೆ: ಗೋಷ್ಠಿಯಲ್ಲಿ ಕುಳಿತು ಕೇಳುವುದು

ಟಿಪ್ಪಣಿ ಪುಸ್ತಕದ ಪ್ರತಿ ಪುಟದಲ್ಲೂ ಎರಡು ಗೆರೆ ಎಳೆದು ಮೂರು ಅಂಕಣ ಮಾಡಿಕೊಳ್ಳಿ: ಯಾರಲ್ಲಿ, ಎಷ್ಟು, ಎಷ್ಟು ಕಾಲ. ಫಲಿತಾಂಶವನ್ನು ಇವುಗಳ ಕೆಳಗೆ ಬರೆಯಿರಿ. ಅಂಕಣ ಖಾಲಿ ಉಳಿದರೆ ಆ ಫಲಿತಾಂಶ ಇನ್ನೂ ನಿಮ್ಮದಾಗಿಲ್ಲ.

ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದು ತೀರ ಅಗತ್ಯ. ಸಿ57 ಎಂದು ಕರೆಯುವ ಚಿಟ್ಟಿಲಿ ತಳಿಗೆ ನೀರಿನ ಬಾಟಲಿ, ಮದ್ಯ ಬೆರೆಸಿದ ಬಾಟಲಿ ಎರಡನ್ನೂ ಕೊಟ್ಟರೆ ಅದು ಮದ್ಯದ ಕಡೆಗೇ ಹೋಗುತ್ತದೆ. ಡಿಬಿಎ ಎಂಬ ತಳಿ ಅದನ್ನು ಮೂಸಿಯೂ ನೋಡುವುದಿಲ್ಲ ಎನ್ನುವಷ್ಟು ದೂರ ಇಡುತ್ತದೆ. ಒಂದೇ ಜಾತಿಯ ಎರಡು ತಳಿಗಳ ನಡುವೆ ಇಷ್ಟು ಅಂತರವಿರುವುದರಿಂದಲೇ ಕುಡಿತದ ಒಲವಿನಲ್ಲಿ ಆನುವಂಶಿಕತೆಗೆ ಪಾಲಿದೆ ಎಂಬುದನ್ನು ಪ್ರಯೋಗಾಲಯದಲ್ಲಿ ಹಿಡಿಯಲು ಸಾಧ್ಯವಾಯಿತು. ಆದರೆ ಈ ಪ್ರಾಣಿಗಳ ದೇಹ ಮದ್ಯವನ್ನು ನಮಗಿಂತ ಬಹಳ ಬೇಗ ಕರಗಿಸುತ್ತದೆ. ಆದ್ದರಿಂದ ಕಿಲೋಗ್ರಾಂ ತೂಕಕ್ಕೆ ಇಷ್ಟು ಗ್ರಾಂ ಎಂಬ ಅಂಕಿಯನ್ನು ಮನುಷ್ಯರಿಗೆ ನೇರವಾಗಿ ಹೊಂದಿಸಬಾರದು. ರಕ್ತದಲ್ಲಿ 100 ಮಿ.ಲೀ.ಗೆ ಎಷ್ಟು ಮಿಲಿಗ್ರಾಂ ಏರಿತ್ತು ಎಂಬುದನ್ನು ಮಾತ್ರ ಹೋಲಿಕೆಗೆ ತೆಗೆದುಕೊಳ್ಳಬೇಕು. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕರಿಗೆ ಇಟ್ಟಿರುವ ಮಿತಿ 30 ಮಿಲಿಗ್ರಾಂ ಎಂಬುದು ನೆನಪಿದ್ದರೆ, ಪ್ರಯೋಗದ ಇಲಿ ಎಷ್ಟರ ಮಟ್ಟಿಗೆ ಅಮಲಿನಲ್ಲಿತ್ತು ಎಂಬ ಅಂದಾಜು ಸಿಗುತ್ತದೆ.

ಮನುಷ್ಯರ ಅಧ್ಯಯನಗಳಲ್ಲಿ ತಪ್ಪುವುದು ಬೇರೆ ಕಡೆ. 2022ರಲ್ಲಿ ಪ್ರಕಟವಾದ, ಸಮ್ಮೇಳನಗಳಲ್ಲಿ ಮತ್ತೆ ಮತ್ತೆ ಪ್ರಸ್ತಾಪವಾಗುವ, ಬ್ರಿಟಿಷ್ ಸ್ವಯಂಸೇವಕರ ಆರೋಗ್ಯ ಮಾಹಿತಿಯ ಭಂಡಾರವಾದ ಯುಕೆ ಬಯೋಬ್ಯಾಂಕ್ ಆಧಾರಿತ ಅಧ್ಯಯನವನ್ನು ನೋಡಿ. ಬ್ರಿಟನ್ನಿನ 36,678 ಮಂದಿ ನಡುವಯಸ್ಸಿನವರು ಮತ್ತು ಹಿರಿಯರ ಎಂಆರ್‌ಐ ಚಿತ್ರಗಳನ್ನು ಪರಿಶೀಲಿಸಿದಾಗ, ದಿನಕ್ಕೆ ಸರಾಸರಿ ಒಂದೆರಡು ಯೂನಿಟ್ ಕುಡಿಯುವವರಲ್ಲೂ ಮೆದುಳಿನ ಗಾತ್ರ ಸ್ವಲ್ಪ ಕಡಿಮೆ ಇರುವುದು, ಪ್ರಮಾಣ ಏರಿದಂತೆ ಈ ವ್ಯತ್ಯಾಸವೂ ಹೆಚ್ಚುವುದು ಕಂಡುಬಂತು. ಇಲ್ಲಿ ಮೂರು ಅಂಕಣಗಳನ್ನು ತುಂಬಿಸಿ: ಯಾರಲ್ಲಿ, ಬಹುಮಟ್ಟಿಗೆ ಆರೋಗ್ಯವಂತರಾದ ಬ್ರಿಟಿಷ್ ಸ್ವಯಂಸೇವಕರಲ್ಲಿ, ಎಷ್ಟು, 8ರಿಂದ 16 ಗ್ರಾಂನಿಂದ ಮೇಲಕ್ಕೆ, ಎಷ್ಟು ಕಾಲ, ಇದಕ್ಕೆ ಉತ್ತರವಿಲ್ಲ, ಏಕೆಂದರೆ ಅವರವರೇ ಹೇಳಿದ ಕುಡಿತದ ಪ್ರಮಾಣವನ್ನು ಮೆದುಳಿನ ಚಿತ್ರದ ಪಕ್ಕದಲ್ಲಿಟ್ಟು ನೋಡಿದ ಅಧ್ಯಯನ ಇದು. ಮದ್ಯವೇ ಕುಗ್ಗಿಸಿತು ಎಂದು ಇದೊಂದರಿಂದಲೇ ಸಾಧಿಸಲಾಗದು, ಆದರೆ ಸ್ವಲ್ಪ ಕುಡಿದರೆ ಮೆದುಳಿಗೆ ಒಳ್ಳೆಯದು ಎಂಬ ಮಾತಿಗೆ ಇದರಲ್ಲಿ ಎಳ್ಳಷ್ಟೂ ಆಧಾರವಿಲ್ಲ. ದಿನಕ್ಕೊಂದು ಕ್ವಾರ್ಟರ್ ಹಾಕುವವರು ಈ ಒಂದೆರಡು ಯೂನಿಟ್ಟಿಗಿಂತ ಎಷ್ಟು ಮೇಲಿದ್ದಾರೆ ಎಂಬುದು ಹಿಂದಿನ ಲೆಕ್ಕದಿಂದ ತಿಳಿದೇ ಇದೆ. ಇದರ ಜೊತೆಯಲ್ಲೇ ಇನ್ನೊಂದು ಸಂಗತಿಯನ್ನೂ ಕೇಳುತ್ತೀರಿ: ಮದ್ಯವ್ಯಸನಿಗಳು ಕುಡಿತ ಬಿಟ್ಟ ವಾರಗಳಲ್ಲಿ, ತಿಂಗಳುಗಳಲ್ಲಿ ಮೆದುಳಿನ ಗಾತ್ರ ಒಂದಷ್ಟು ಮರಳುತ್ತದೆ. ಮನೆಯವರಿಗೆ ಹೇಳುವಾಗ ಕುಗ್ಗುವಿಕೆಯನ್ನು ಹೇಳಿ ಇದನ್ನು ಬಿಡುವುದು ಅನ್ಯಾಯ.

ಚಿಕಿತ್ಸೆಯ ಗೋಷ್ಠಿಗಳಲ್ಲಿ ಗೋವಾದ ಹೆಸರು ಕೇಳಿಬರುವುದು ಮಾನಸಿಕ ಆರೋಗ್ಯಕ್ಕಾಗಿ ದುಡಿಯುವ ಅಲ್ಲಿನ ಸಂಗಾತ್ ಸಂಸ್ಥೆಯ ಕೆಲಸದಿಂದ. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅವರ ಪ್ರಯೋಗದಲ್ಲಿ, ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯ ಸಮಾಲೋಚಕರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ ಗಂಡಸರೊಂದಿಗೆ ಕೆಲವೇ ಭೇಟಿಗಳಲ್ಲಿ ಮಾತುಕತೆ ನಡೆಸಿದರು. ಒಟ್ಟು 377 ಮಂದಿ. ಮೂರು ತಿಂಗಳ ಮೇಲೆ ಸಮಾಲೋಚನೆ ಪಡೆದವರಲ್ಲಿ ಶೇ. 36ರಷ್ಟು, ಪಡೆಯದವರಲ್ಲಿ ಶೇ. 26ರಷ್ಟು ಜನ ಅಪಾಯದ ಮಟ್ಟದಿಂದ ಕೆಳಗೆ ಬಂದಿದ್ದರು. ಕೇಳಲು ಬಹಳ ಹಿತವಾದ ಸುದ್ದಿ, ಮತ್ತು ನಮ್ಮ ಸಂಘಗಳು ನಾಳೆಯೇ ಶುರುಮಾಡಬಹುದು ಎನ್ನಿಸುವ ಕೆಲಸ. ಆದರೆ ‘ಯಾರಲ್ಲಿ’ ಎಂಬ ಅಂಕಣ ನೋಡಿ: ಆಡಿಟ್ ಪರೀಕ್ಷೆಯಲ್ಲಿ 12ರಿಂದ 19 ಅಂಕ ಬಂದವರಲ್ಲಿ ಮಾತ್ರ. ಪೂರ್ತಿ ಅವಲಂಬಿತರಾಗಿ, ಬೆಳಿಗ್ಗೆ ಎದ್ದೊಡನೆ ಕೈನಡುಕ ನಿಲ್ಲಿಸಲು ಕುಡಿಯಲೇಬೇಕಾದವರಿಗೆ ಈ ಫಲಿತಾಂಶ ಅನ್ವಯಿಸುವುದಿಲ್ಲ. ಅವರಿಗೆ ಬೇಕಾದದ್ದು ವೈದ್ಯರು ಮತ್ತು ಔಷಧ.

ನಾಲ್ಕನೆಯ ಹೆಜ್ಜೆ: ಪೋಸ್ಟರುಗಳ ಮುಂದೆ ನಿಲ್ಲುವುದು

ಸಮ್ಮೇಳನದ ನಿಜವಾದ ಕಲಿಕೆ ಪೋಸ್ಟರುಗಳ, ಅಂದರೆ ಸಂಶೋಧನೆಯನ್ನು ದೊಡ್ಡ ಹಾಳೆಯಲ್ಲಿ ಬರೆದು ತೂಗುಹಾಕಿದವುಗಳ, ಸಾಲಿನಲ್ಲಿ ಎಂದು ನಾನು ನಂಬಿದ್ದೇನೆ. ವೇದಿಕೆಯ ಮೇಲಿನ ಪ್ರಾಧ್ಯಾಪಕರಿಗೆ ಹದಿನೈದು ನಿಮಿಷ ಮಾತ್ರ ಇರುತ್ತದೆ, ಪೋಸ್ಟರಿನ ಪಕ್ಕದಲ್ಲಿ ನಿಂತ ಸ್ನಾತಕೋತ್ತರ ವಿದ್ಯಾರ್ಥಿನಿಯೋ ಯಾರಾದರೂ ಬಂದು ಏನಾದರೂ ಕೇಳಲಿ ಎಂದು ಕಾಯುತ್ತಿರುತ್ತಾಳೆ.

ಇಂಥದೊಂದು ಪೋಸ್ಟರ್ ಎದುರಿಗಿದೆ ಎಂದುಕೊಳ್ಳಿ. ವಿಷಯ ವರ್ನಿಕೆ ಎನ್‌ಕೆಫಲೋಪತಿ, ಅಂದರೆ ಥಯಮಿನ್ ಎಂಬ ಬಿ1 ಜೀವಸತ್ವದ ಕೊರತೆಯಿಂದ ಮೆದುಳಿನ ಒಳಭಾಗಗಳಿಗೆ ಆಗುವ ಹಾನಿ; ಕಾರ್ಲ್ ವರ್ನಿಕೆ ಇದನ್ನು 1881ರಲ್ಲಿ ವರ್ಣಿಸಿದರು. ಪೋಸ್ಟರಿನ ಮೇಲ್ಭಾಗದಲ್ಲಿ ರೋಗಿಯ ವಯಸ್ಸು, ಹಲವು ವರ್ಷಗಳ ಕುಡಿತ, ಊಟ ಬಿಟ್ಟದ್ದು, ವಾಂತಿ. ಅದರ ಕೆಳಗೆ ಎಂಆರ್‌ಐನಲ್ಲಿ ಬಿಳಿಯಾಗಿ ಹೊಳೆಯುವ ಎರಡು ಚುಕ್ಕೆಗಳು, ಮೆದುಳಿನ ನಡುಗೆರೆಯ ಎರಡೂ ಕಡೆ ಸಮನಾಗಿ. ಕಣ್ಣು ಮೊದಲು ಹೋಗುವುದು ಆ ಚಿತ್ರಕ್ಕೆ. ನೀವು ಓದಬೇಕಾದದ್ದು ಅದರ ಪಕ್ಕದ ಚಿಕ್ಕ ಅಕ್ಷರಗಳನ್ನು: ರೋಗಿ ಮೊದಲ ಬಾರಿ ಆಸ್ಪತ್ರೆಗೆ ಬಂದದ್ದು ಯಾವಾಗ, ಥಯಮಿನ್ ಚುಚ್ಚುಮದ್ದು ಕೊಟ್ಟದ್ದು ಯಾವಾಗ, ಅದಕ್ಕೆ ಮುಂಚೆ ಗ್ಲೂಕೋಸ್ ಏರಿಸಿದ್ದರೇ. ಥಯಮಿನ್ ಇಲ್ಲದ ದೇಹಕ್ಕೆ ಗ್ಲೂಕೋಸ್ ಮಾತ್ರ ಸುರಿದರೆ ಉಳಿದ ಅಲ್ಪಸ್ವಲ್ಪ ಥಯಮಿನ್ ಕೂಡ ಖರ್ಚಾಗಿ ರೋಗ ಉಲ್ಬಣಿಸಬಹುದು ಎಂಬ ಕಾರಣಕ್ಕೆ ಥಯಮಿನ್ ಅನ್ನು ಮೊದಲು ಅಥವಾ ಜೊತೆಯಲ್ಲೇ ಕೊಡುವ ಪದ್ಧತಿಯಿದೆ. ಚಿಕಿತ್ಸೆ ತಡವಾದರೆ ಉಳಿಯುವುದು ಕೊರ್ಸಕಾಫ್ ಸ್ಥಿತಿ: ಹಳೆಯದು ನೆನಪಿರುತ್ತದೆ, ಹೊಸದು ನಿಲ್ಲುವುದಿಲ್ಲ, ನಡುವಿನ ಕಂದಕವನ್ನು ರೋಗಿ ಇಲ್ಲದ ಸಂಗತಿಗಳಿಂದ ತುಂಬಿಸುತ್ತಾನೆ. ಮನೆಯವರು ಅದನ್ನು ಸುಳ್ಳು ಹೇಳುವ ಚಾಳಿ ಎಂದು ಬಯ್ಯುತ್ತಿರುತ್ತಾರೆ.

ಪಠ್ಯಪುಸ್ತಕ ಹೇಳುವ ಮೂರು ಲಕ್ಷಣಗಳು, ಅಂದರೆ ಮನಸ್ಸಿನ ಗೊಂದಲ, ಕಣ್ಣಿನ ಚಲನೆಯ ದೋಷ, ತೂರಾಡುವ ನಡಿಗೆ, ಒಟ್ಟಿಗೆ ಕಾಣುವುದು ಅಪರೂಪ. ಆಸ್ಟ್ರೇಲಿಯದಲ್ಲಿ ಶವಪರೀಕ್ಷೆಯಲ್ಲಿ ಈ ರೋಗ ಖಚಿತವಾದ 131 ಮಂದಿಯ ದಾಖಲೆಗಳನ್ನು ಪರಿಶೀಲಿಸಿ 1986ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮೂರೂ ಲಕ್ಷಣಗಳು ಬದುಕಿದ್ದಾಗ ದಾಖಲಾಗಿದ್ದದ್ದು ಶೇ. 16ರಷ್ಟು ಜನರಲ್ಲಿ ಮಾತ್ರ. ಅದೇ ದೇಶ 1991ರಿಂದ ಬ್ರೆಡ್ ತಯಾರಿಸುವ ಹಿಟ್ಟಿಗೆ ಥಯಮಿನ್ ಬೆರೆಸುವುದನ್ನು ಕಡ್ಡಾಯ ಮಾಡಿತು. ಆದ್ದರಿಂದ ಪೋಸ್ಟರಿನ ಬಳಿ ಕೇಳಬೇಕಾದ ಪ್ರಶ್ನೆ ಇದು: ನಿಮ್ಮ ರೋಗಿಯಲ್ಲಿ ಮೊದಲ ದಿನ ಕಂಡದ್ದು ಯಾವ ಲಕ್ಷಣ, ಅದನ್ನು ಗುರುತಿಸಿದ್ದು ಯಾರು? ಎಷ್ಟೋ ಸಲ ಉತ್ತರ, ರಾತ್ರಿ ಪಾಳಿಯ ನರ್ಸು ಎಂದಿರುತ್ತದೆ.

ಕುಡಿತದಿಂದ ಪಾದಗಳಲ್ಲಿ ಉರಿ ಮತ್ತು ಜೋಮು ತರುವ ನರರೋಗ, ಕಿರುಮೆದುಳಿನ ನಡುಭಾಗ ಸವೆದು ಕಾಲಗಲಿಸಿ ನಡೆಯುವಂತಾಗುವುದು, ಗರ್ಭಿಣಿಯ ಕುಡಿತದಿಂದ ಮಗುವಿನ ಮೆದುಳಿಗೆ ಆಗುವ ಹಾನಿ, ಇವುಗಳ ಪೋಸ್ಟರುಗಳನ್ನೂ ಬಿಡಬೇಡಿ. ಕೊನೆಯದಕ್ಕೆ ಭ್ರೂಣ ಮದ್ಯ ಲಕ್ಷಣಕೂಟ ಎಂದು ಹೆಸರಿಟ್ಟು 1973ರಲ್ಲಿ ವರ್ಣಿಸಿದವರು ಅಮೆರಿಕದ ಜೋನ್ಸ್ ಮತ್ತು ಸ್ಮಿತ್. ಫ್ರಾನ್ಸಿನ ಲೆಮ್ವಾನ್ ಅದಕ್ಕೂ ಮುಂಚೆ, 1968ರಲ್ಲೇ, ಇಂಥ ಮಕ್ಕಳನ್ನು ಗುರುತಿಸಿದ್ದರು.

ಐದನೆಯ ಹೆಜ್ಜೆ: ಪ್ರಶ್ನೆ, ಛಾಯಾಚಿತ್ರ, ಹಣದ ಮೂಲ

ಮೈಕು ಸಿಕ್ಕಾಗ ಹೆಸರು, ಊರು ಹೇಳಿ, ಎರಡು ವಾಕ್ಯಗಳಲ್ಲಿ ಪ್ರಶ್ನೆ ಕೇಳಿ ಕುಳಿತುಕೊಳ್ಳಿ. ನಮ್ಮ ಸಭೆಗಳಲ್ಲಿ ಪ್ರಶ್ನೆಯ ಹೆಸರಿನಲ್ಲಿ ಭಾಷಣ ಮಾಡುವ ಹಿರಿಯರಿಗೆ ಕೊರತೆಯಿಲ್ಲ, ನೀವು ಆ ಸಾಲಿಗೆ ಸೇರಬೇಕಾಗಿಲ್ಲ. ನಿಮ್ಮ ಪರಿಚಯದ ರೋಗಿಯೊಬ್ಬರ ಕಥೆಯನ್ನು ಬಹಿರಂಗವಾಗಿ ಹೇಳಬಾರದು; ಮುಂಬಯಿ ಎಷ್ಟು ದೊಡ್ಡದಾದರೂ ಕನ್ನಡಿಗರ ಮುಂಬಯಿ ಚಿಕ್ಕದು, ಊರು ಮತ್ತು ಹೋಟೆಲಿನ ಹೆಸರು ಹೇಳಿದರೆ ಸಾಕು, ಆಳು ಯಾರೆಂದು ತಿಳಿದುಬಿಡುತ್ತದೆ. ಪೋಸ್ಟರಿನ ಚಿತ್ರ ತೆಗೆಯುವ ಮುನ್ನ ಪಕ್ಕದಲ್ಲಿರುವವರ ಅನುಮತಿ ಕೇಳಿ, ಪ್ರಕಟವಾಗದ ಫಲಿತಾಂಶವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಪ್ರತಿ ಭಾಷಣದ ಮೊದಲ ಚಿತ್ರಗಳಲ್ಲಿ ಹಣದ ನೆರವು ಯಾರದು ಎಂದು ಬರೆದಿರುತ್ತದೆ. ಅದನ್ನು ಓದುವ ಮೊದಲೇ ಅದು ಸರಿದುಹೋಗುವುದರಿಂದ ಮೊದಲ ಸಾಲುಗಳಲ್ಲಿ ಕೂರುವುದು ಒಳ್ಳೆಯದು. ಮಿತವಾದ ಕುಡಿತ ಹೃದಯಕ್ಕೆ ಒಳ್ಳೆಯದೇ ಎಂದು ಪರೀಕ್ಷಿಸಲು ಹೊರಟಿದ್ದ ಒಂದು ದೊಡ್ಡ ಪ್ರಯೋಗವನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2018ರಲ್ಲಿ ನಿಲ್ಲಿಸಿದವು; ಅದಕ್ಕೆ ಮದ್ಯ ತಯಾರಕರಿಂದ ಹಣ ಸೇರಿಸಿದ ರೀತಿ ಪ್ರಯೋಗದ ನಂಬಿಕೆಯನ್ನೇ ಕೆಡಿಸಿತ್ತು. ಭಾರತದಲ್ಲಿ ನಡೆಯುವ ಔಷಧ ಪ್ರಯೋಗವಾದರೆ ಅದರ ನೋಂದಣಿ ಸಂಖ್ಯೆ ಬರೆದುಕೊಳ್ಳಿ. ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಅವರು ಮೊದಲು ಅಳೆಯುತ್ತೇವೆ ಎಂದದ್ದೇನು ಎಂಬುದು ಯಾರಿಗೂ ಕಾಣುತ್ತದೆ. ಈಗ ಹೇಳುತ್ತಿರುವುದು ಅದನ್ನೇ ಹೌದೋ ಎಂದು ಹೋಲಿಸಬಹುದು.

ಆರನೆಯ ಹೆಜ್ಜೆ: ಸಂಘದಲ್ಲಿ ಹೇಳುವುದು

ಸಭೆಯನ್ನು ಯಾವ ಹೊತ್ತಿಗೆ ಇಡುತ್ತೀರಿ ಎಂಬುದರ ಮೇಲೆ ಯಾರು ಬರುತ್ತಾರೆ ಎಂಬುದು ನಿಂತಿದೆ. ಹೋಟೆಲ್ ಕೆಲಸದ ಹುಡುಗರಿಗೆ ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿಯ ಭರಾಟೆ ಶುರುವಾಗುವ ಮುನ್ನ ಸ್ವಲ್ಪ ಬಿಡುವಿರುತ್ತದೆ. ಭಾನುವಾರ ಸಂಜೆ ಆರಕ್ಕೆ ಇಟ್ಟರೆ ಬರುವವರು ನಿವೃತ್ತರಾದ ಬ್ಯಾಂಕಿನವರು ಮಾತ್ರ. ಗೋವಾದ ಕಟ್ಟಡ ಕೆಲಸದವರಿಗೆ ರಜೆಯ ದಿನ ಬೆಳಿಗ್ಗೆ ಒಳ್ಳೆಯದು, ಸಂಜೆಗೆ ಅವರಲ್ಲಿ ಕೆಲವರು ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಹೆಂಗಸರನ್ನು ಕರೆಯಲೇಬೇಕು, ಮತ್ತು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಡುವುದಕ್ಕೂ ಅವಕಾಶವಿರಬೇಕು.

ಮಾತು ಶುರುಮಾಡುವಾಗ ಖಾಲಿ ಕ್ವಾರ್ಟರ್ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟು, ಮೇಲೆ ಹೇಳಿದ ಲೆಕ್ಕವನ್ನು ಹಲಗೆಯ ಮೇಲೆ ಅವರಿಂದಲೇ ಮಾಡಿಸಿ. ದಿನವೂ ಹಣ ಎಣಿಸುವ ಗಲ್ಲೆಯವರು ಇದನ್ನು ನಿಮಗಿಂತ ಬೇಗ ಮಾಡುತ್ತಾರೆ. ದೇಶದ ಚಿತ್ರ ಬೇಕೆಂದರೆ, ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯನ್ನು ಹೇಳಬಹುದು: 10ರಿಂದ 75 ವರ್ಷದವರಲ್ಲಿ ಶೇ. 14.6ರಷ್ಟು ಜನ ಮದ್ಯ ಸೇವಿಸುತ್ತಾರೆ, ಐದೂವರೆ ಕೋಟಿಗೂ ಮಿಕ್ಕಿ ಜನರಿಗೆ ಅದಕ್ಕಾಗಿ ನೆರವು ಬೇಕಾಗಿದೆ.

ನಿಮ್ಮ ಭಾಷಣ ಎಷ್ಟೇ ಚೆನ್ನಾಗಿದ್ದರೂ, ಕೊನೆಗೆ ಯಾರೋ ಒಬ್ಬ ಹೆಣ್ಣುಮಗಳು ಎಲ್ಲರೂ ಎದ್ದ ಮೇಲೆ ಹತ್ತಿರ ಬಂದು ಕೇಳುವ ಪ್ರಶ್ನೆಗೆ ನೀವು ಸಿದ್ಧರಾಗಿರಬೇಕು. “ಅಣ್ಣಾರ, ನಮ್ಮ ಮನಿಯವ್ರು ನಾಳಿಂದ ಪೂರಾ ಬಿಡ್ತೀನಿ ಅಂತಾರ್ರಿ. ಬಾಟ್ಲಿ ಎಲ್ಲಾ ಚೆಲ್ಲಿಬಿಡ್ಲೇನ್ರಿ?” ಬಿಡಿಸಿಬಿಡಿ ಎನ್ನುವುದು ಸಹಜವಾಗಿ ಬಾಯಿಗೆ ಬರುವ ಉತ್ತರ, ಮತ್ತು ಅದೇ ಅಪಾಯದ ಉತ್ತರ. ಬಹುಕಾಲ ದಿನವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದಾಗ ಮೊದಲ ದಿನವೇ ಕೈನಡುಕ, ಬೆವರು, ನಿದ್ದೆಯಿಲ್ಲದಿರುವುದು ಕಾಣುತ್ತದೆ. ಫಿಟ್ಸ್ ಸಾಮಾನ್ಯವಾಗಿ ಕೊನೆಯ ಕುಡಿತದ 6ರಿಂದ 48 ಗಂಟೆಗಳೊಳಗೆ ಬರುತ್ತವೆ. ಇಲ್ಲದವರನ್ನು ಕಾಣುವುದು, ಹೊತ್ತುಗೊತ್ತು ತಿಳಿಯದಿರುವುದು, ಜ್ವರ, ವಿಪರೀತ ಚಡಪಡಿಕೆ ಕೂಡಿದ ಸನ್ನಿ ಹೆಚ್ಚಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ ಬರುತ್ತದೆ, ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೇ ಎರವಾಗಬಹುದು.

ಆಕೆಗೆ ಹೀಗೆ ಹೇಳಿ: ಬಿಡುವ ಮನಸ್ಸು ಮಾಡಿದ್ದು ಒಳ್ಳೆಯದು, ಆದರೆ ಬಿಡುವುದು ವೈದ್ಯರ ಕೈಕೆಳಗೆ ಆಗಲಿ. ಹಿಂದೆ ಎಂದಾದರೂ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಸನ್ನಿ ಹಿಡಿದಿತ್ತೇ, ಈಗ ಊಟ ಸೇರುತ್ತಿದೆಯೇ ಎಂಬ ಮೂರನ್ನು ಕೇಳಿ, ಮೊದಲೆರಡರಲ್ಲಿ ಒಂದಕ್ಕೆ ಹೌದು ಎಂದರೂ, ಊಟ ಸೇರುತ್ತಿಲ್ಲ ಎಂದರೂ ಅದೇ ದಿನ ಆಸ್ಪತ್ರೆಯ ಕಡೆ ಕಳಿಸಿ. ಮುಂಬಯಿಯಲ್ಲಿ ಕೆಇಎಂ, ಸಾಯನ್, ನಾಯರ್ ಆಸ್ಪತ್ರೆಗಳ ಮನೋರೋಗ ವಿಭಾಗಗಳಿವೆ, ಬಾಂದ್ರಾದಲ್ಲಿ ಆರಂಭವಾದ ಕೃಪಾ ಫೌಂಡೇಶನ್ ಇದೆ. ಪುಣೆಯಲ್ಲಿ ಅನಿಲ್ ಅವಚಟ್ ಮತ್ತು ಅನಿತಾ ಅವಚಟ್ ದಂಪತಿ 1986ರಲ್ಲಿ ಕಟ್ಟಿದ ವ್ಯಸನಮುಕ್ತಿ ಕೇಂದ್ರ ಮುಕ್ತಾಂಗಣವಿದೆ. ಗೋವಾದ ಬಾಂಬೋಲಿಮ್ಮಿನಲ್ಲಿ ಸರಕಾರದ ಮನೋವೈದ್ಯಕೀಯ ಸಂಸ್ಥೆಯಿದೆ. ರಾತ್ರಿ ಹೊತ್ತಿನಲ್ಲಿ ಮಾತನಾಡಲು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಈ ಎರಡು ಸಂಖ್ಯೆಗಳನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದು, ಸಭೆ ಮುಗಿದ ಮೇಲೂ ಅಳಿಸದೆ ಬಿಡಿ. ಜನರೆದುರು ಬರೆದುಕೊಳ್ಳಲು ಸಂಕೋಚಪಡುವವರು ಹೋಗುವಾಗ ನೋಡಿಕೊಳ್ಳುತ್ತಾರೆ.

ಮಾಲ್ವಣಿಯ ವಿಷಯ ಯಾರಾದರೂ ಎತ್ತುತ್ತಾರೆ. 2015ರ ಜೂನಿನಲ್ಲಿ ಮಲಾಡಿನ ಮಾಲ್ವಣಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತದ್ದು ಮೆಥನಾಲ್ ಬೆರೆತ ಕಳ್ಳಭಟ್ಟಿಯಿಂದ. ಸಮ್ಮೇಳನದಲ್ಲಿ ಕೇಳಿದ ಎಥನಾಲಿನ, ಅಂದರೆ ಸಾಮಾನ್ಯ ಮದ್ಯದಲ್ಲಿರುವ ಮದ್ಯಸಾರದ, ಸಂಗತಿಗಳನ್ನು ಇದರೊಂದಿಗೆ ಬೆರೆಸಬೇಡಿ. ಮೆಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ, ಅದು ಗಂಟೆಗಳ ಲೆಕ್ಕದ ತುರ್ತು. ಕುಡಿದ ಮರುದಿನ ಕಣ್ಣು ಮಂಜಾದರೆ, ಹೊಟ್ಟೆನೋವು, ಏದುಸಿರು ಬಂದರೆ ‘ಹ್ಯಾಂಗೋವರ್’ ಎಂದು ಮಲಗಿಸದೆ ಕೂಡಲೇ ದೊಡ್ಡಾಸ್ಪತ್ರೆಗೆ ಒಯ್ಯಬೇಕು, ಜೊತೆಯಲ್ಲಿ ಕುಡಿದ ಉಳಿದವರನ್ನೂ ಹುಡುಕಿ ಕಳಿಸಬೇಕು. ಬ್ರ್ಯಾಂಡಿನ ಸರಕು ಕುಡಿದರೆ ಏನೂ ಆಗುವುದಿಲ್ಲ ಎಂದು ಈ ಉತ್ತರದಿಂದ ಯಾರಾದರೂ ಅರ್ಥಮಾಡಿಕೊಂಡರೆ, ಮೇಜಿನ ಮೇಲಿನ ಬಾಟಲಿಯ 61 ಗ್ರಾಂನ ಕಡೆಗೆ ಮಾತನ್ನು ಮತ್ತೆ ತನ್ನಿ.

ಸಭೆಯ ನಂತರ ಉಳಿಯುವ ಕೆಲಸ ಒಂದೇ. ಸಮ್ಮೇಳನದಲ್ಲಿ ಮಂಡನೆಯಾದ ಎಷ್ಟೋ ಫಲಿತಾಂಶಗಳು ಪತ್ರಿಕೆಗಳಲ್ಲಿ ಪ್ರಕಟವಾಗುವ ಹೊತ್ತಿಗೆ ಬದಲಾಗಿರುತ್ತವೆ, ಕೆಲವು ಪ್ರಕಟವಾಗುವುದೇ ಇಲ್ಲ. ನೀವು ಸಂಘದಲ್ಲಿ ಹೇಳಿದ ಸಂಗತಿಗಳ ಪಟ್ಟಿಯನ್ನು ಟಿಪ್ಪಣಿ ಪುಸ್ತಕದ ಕೊನೆಯ ಪುಟದಲ್ಲಿಟ್ಟುಕೊಂಡು, ಮಂಡಿಸಿದವರ ಹೆಸರಿನಿಂದ ಆರು ತಿಂಗಳಿಗೊಮ್ಮೆ ವೈದ್ಯಕೀಯ ಲೇಖನಗಳ ಜಾಲತಾಣವಾದ ಪಬ್‌ಮೆಡ್‌ನಲ್ಲಿ ಹುಡುಕಿ ನೋಡಿ. ಪ್ರಕಟವಾದದ್ದರ ಎದುರು ವರ್ಷ ಬರೆಯಿರಿ. ಅಂಕಿ ಬದಲಾಗಿದ್ದರೆ ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಸೇರಿಸಿ, ಮುಂದಿನ ಸಭೆಯ ಮೊದಲ ಐದು ನಿಮಿಷಗಳಲ್ಲಿ ಆ ತಿದ್ದುಪಡಿಯನ್ನು ಹೇಳಿ.